ಮೊದಲ ಚಿತ್ರ

ಗಡಿಯಾಚೆಗೆ ಕಣ್ಣಿಡುವ ಉಪಗ್ರಹವನ್ನು ಕಟ್ಟಿದ ನಾಲ್ಕು ವರ್ಷವೂ ವಾಮನಮೂರ್ತಿಯವರು ತಮ್ಮದು ಮಳೆ ನೋಡುವ ಇಲಾಖೆ ಎಂದೇ ಹೆಂಡತಿಯನ್ನು ನಂಬಿಸಿದ್ದರು. ಉಡಾವಣೆ ಸುಸೂತ್ರವಾಗಿ ಮುಗಿಯಿತು. ಇನ್ನು ಮೊದಲ ಚಿತ್ರ ತೆಗೆದು ಕ್ಯಾಮೆರಾ ಪರೀಕ್ಷಿಸಬೇಕು. ಅದಕ್ಕೆ ಅಳತೆ ಪಕ್ಕಾ ಗೊತ್ತಿರುವ ಜಾಗ ಬೇಕು. ಮೂವತ್ತು-ನಲವತ್ತರ ಸೈಟಿನಲ್ಲಿ ತಾವೇ ಟೇಪು ಹಿಡಿದು ಕಟ್ಟಿಸಿದ ಮನೆಯ ತಾರಸಿಗಿಂತ ಪಕ್ಕಾ ಜಾಗ ಅವರಿಗೆ ಹೊಳೆಯಲಿಲ್ಲ.

ಬೆಳಗ್ಗೆ ಏಳಕ್ಕೇ ಮನೆಗೆ ಫೋನ್ ಮಾಡಿದರು.

“ವಾರಿಜಾ, ಹತ್ತೂವರೆಗೆ ತಾರಸಿ ಮೇಲೆ ಏನೂ ಇರಬಾರದು.”

“ಅಯ್ಯೋ, ಸಂಡಿಗೆ ಹಿಟ್ಟು ಕಾಯಿಸಿಟ್ಟಿದೀನಲ್ರೀ!”

“ಮಳೆ ಬರತ್ತೆ.”

“ಈ ಸುಡು ಬಿಸಿಲಲ್ಲಿ? ಅದೂ ಸರಿಯಾಗಿ ಹತ್ತೂವರೆಗೆ?”

“ಇಲಾಖೆಯವನು ನಾನೋ, ನೀನೋ?”



“ಆಯ್ತು ಬಿಡಿ. ತಿಂಡಿ ಆಯ್ತಾ?”

ಇನ್ನೊಂದು ಪ್ರಶ್ನೆ ಬಂದರೆ ಸಿಕ್ಕಿಬೀಳುತ್ತೇನೆಂದು ಮೂರ್ತಿಯವರು ಉತ್ತರಿಸದೆ ಫೋನ್ ಇಟ್ಟುಬಿಟ್ಟರು.

ಹತ್ತೂವರೆ ದಾಟಿತು. ಪರದೆಯ ಮುಂದೆ ನಿರ್ದೇಶಕರು, ಮಗ್ಗುಲಲ್ಲಿ ಮೀಸೆ ತಿರುವುತ್ತ ಸೇನೆಯ ದೊಡ್ಡ ಅಧಿಕಾರಿ. ಚಿತ್ರ ಮೂಡಿತು. ರಸ್ತೆ, ತೆಂಗಿನಮರ, ನೀರಿನ ಟ್ಯಾಂಕು, ಎಲ್ಲವೂ ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟ.

“ಭೇಷ್!” ಎಂದರು ನಿರ್ದೇಶಕರು. “ಆದ್ರೆ ತಾರಸಿ ಮೇಲೆ ಅದೇನ್ರೀ, ಬೆಳ್ಳಗೆ? ಸ್ವಲ್ಪ ದೊಡ್ಡದು ಮಾಡಿ.”

ಮೂರ್ತಿಯವರು ಗುಂಡಿ ಒತ್ತಿದರು.

ಸಾಲಾಗಿ ಹಾಸಿದ ಕಪ್ಪು ಸೀರೆಗಳ ಮೇಲೆ ಆಳುದ್ದದ ಸಂಡಿಗೆಯ ಅಕ್ಷರಗಳು ಆಕಾಶ ನೋಡುತ್ತ ಕೇಳುತ್ತಿದ್ದವು: “ತಿಂಡಿ ಆಯ್ತಾ?”