ಸೇವ್ ಆಗಿದೆ

ಆಫೀಸಿನವರೆಲ್ಲ ತಾತ ಎಂದು ಕರೆಯುವ ಹಿರಿಯ ಪ್ರೋಗ್ರಾಮರ್ ನೇರ ಬಂದು ಜೊತೆಗೆ ಕೆಲಸ ಮಾಡುವ ಹುಡುಗಿಯ ಕಂಪ್ಯೂಟರಿನ ಪ್ಲಗ್ ಕಿತ್ತೇಬಿಟ್ಟರು.

"ಅಯ್ಯೋ, ಏನ್ ಮಾಡಿದ್ರಿ!"

"ಡಿಸ್ಕ್ ಡ್ರೈವರ್ ಪ್ರೋಗ್ರಾಮಿಂದ ನನ್ನ ಸಾಲುಗಳನ್ನ ಅಳಿಸಿದ್ಯಲ್ಲಮ್ಮ, ಅದಕ್ಕೆ."

ಡಿಸ್ಕಿಗೆ ಬರೆಯುವ ಹಳೆಯ ಕಂಟ್ರೋಲರ್ ಚಿಪ್ಪು 'ಬರೆದಾಯಿತು' ಎಂದರೂ ಆ ಸಾಲುಗಳು ನಂಬುತ್ತಿರಲಿಲ್ಲ. ನಿಜಕ್ಕೂ ಡಿಸ್ಕಿಗೆ ಇಳಿಯುವವರೆಗೆ ಬೆನ್ನು ಬಿಡುತ್ತಿರಲಿಲ್ಲ. ತಾತನ ಕಾಲದ ಅನುಮಾನ ಎಂದು ನಕ್ಕು ಅವಳು ತೆಗೆದುಹಾಕಿದ್ದಳು. "ಬರೆದಿದ್ದನ್ನ ಓದಿಸಿ ನೋಡಿದೀನಿ ಸರ್, ಒಂದಕ್ಷರ ತಪ್ಪಿಲ್ಲ."

"ಓದಿ ಹೇಳಿದ್ದು ಅದೇ ಕಂಟ್ರೋಲರ್ ತಾನೆ? ಕರೆಂಟ್ ಹೋದ್ರೆ ಅಳಿಸಿಹೋಗೋ ತನ್ನ ನೆನಪಲ್ಲಿರೋದನ್ನ ಬಾಯಿಪಾಠ ಒಪ್ಪಿಸಿದೆ. ಕಳ್ಳನನ್ನೇ ಸಾಕ್ಷಿಗೆ ಕರೆದಿದೀಯ."

ಪ್ಲಗ್ ಸಿಕ್ಕಿಸಿದರು. ಆಗಷ್ಟೇ ಸೇವ್ ಮಾಡಿದ್ದ ಫೈಲು ತೆರೆದರೆ ಖಾಲಿ.

ಅವಳಿಗೆ ಅಕ್ಕನ ನೆನಪಾಯಿತು. ಬೆಳಿಗ್ಗೆ ಇದೇ ಡ್ರೈವರನ್ನು ಅಂಥದೇ ಕಂಟ್ರೋಲರ್ ಇದ್ದ ಅಕ್ಕನ ಹಳೆಯ ಕಂಪ್ಯೂಟರಿಗೂ ಹಾಕಿ, "ನೋಡು, ಹೇಗೆ ಓಡುತ್ತೆ" ಎಂದು ಬೀಗಿ ಬಂದಿದ್ದಳು. ಅಕ್ಕ ಇವತ್ತು ತನ್ನ ಪಿಎಚ್‌ಡಿ ಪ್ರಬಂಧದ ಕೊನೆಯ ಅಧ್ಯಾಯ ಮುಗಿಸಿ, ಸಂಜೆಯೊಳಗೆ ಕಳಿಸಲೇಬೇಕಿತ್ತು. ತಕ್ಷಣ ಫೋನ್ ಮಾಡಿದಳು.

"ಅಕ್ಕಾ, ಕಂಪ್ಯೂಟರ್ ಹಾಗೇ ಇರಲಿ, ಮುಟ್ಟಬೇಡ!"

"ಈಗ ತಾನೇ ಬರೆದು ಮುಗಿಸ್ದೆ ಕಣೇ. ಏಳೋದೇ ತಡ, ನಿನ್ನ ಭಾವ ಅದರ ಪ್ಲಗ್ ಕಿತ್ತು ಇಸ್ತ್ರಿಪೆಟ್ಟಿಗೆ ಹಾಕ್ಕೊಂಡ್ರು. ನಾನೇನೂ ಬೈಲಿಲ್ಲ ಬಿಡು, ಸೇವ್ ಆಗಿದೆ ಅಂತ ಬಂದಿತ್ತಲ್ಲ."