ಸಮಪಾಲು

“ಆರು ವರ್ಷದ ಹಿಂದೆ ಬರೆದುಕೊಟ್ಟ ಮಾತ್ರೆ, ಹದಿನಾಲ್ಕು ದಿನ ಪೂರ್ತಿ ತಗೊಂಡಿದ್ರಾ?” ಹಳೆಯ ಚೀಟಿಯಿಂದ ತಲೆಯೆತ್ತದೆ ಡಾಕ್ಟರು ಕೇಳಿದರು.

“ಒಂದೂ ಉಳಿಸಿಲ್ಲ ಡಾಕ್ಟ್ರೇ,” ಎಂದ ಅಣ್ಣ. ಪಕ್ಕದಲ್ಲಿ ಕೂತಿದ್ದ ಅತ್ತಿಗೆ ಹೌದೆಂದು ತಲೆಯಾಡಿಸಿದಳು. ಬಾಗಿಲ ಬಳಿ ನಿಂತಿದ್ದ ತಮ್ಮ ಮಾತ್ರ ತಲೆ ತಗ್ಗಿಸಿದ.

ಅಣ್ಣ ಹೇಳಿದ್ದು ಸುಳ್ಳೇನಲ್ಲ. ಒಂದೂ ಉಳಿದಿರಲಿಲ್ಲ. ಮರಗೆಲಸದ ಶೆಡ್ಡಿನಲ್ಲಿ ಒಂದೇ ಗರಗಸದ ಎರಡು ತುದಿ ಹಿಡಿದು ಬೆಳೆದವರು ಅವರು. ಊಟದ ಡಬ್ಬಿಯಿಂದ ಹಿಡಿದು ಗಿರಾಕಿಗಳ ಬೈಗುಳದವರೆಗೆ ಇಬ್ಬರಿಗೂ ಸಮಪಾಲು. ಹೊಟ್ಟೆಯುರಿಗೆಂದು ಅಣ್ಣ ಮಾತ್ರೆ ತಂದ ದಿನ, “ನಂಗೂ ಹೀಗೇ ಉರಿಯುತ್ತೆ ಕಣೋ,” ಅಂದುಬಿಟ್ಟ ತಮ್ಮ. ಅಣ್ಣ ಹಿಂದೆಮುಂದೆ ನೋಡಲಿಲ್ಲ. ಮಾತ್ರೆಯ ಪಟ್ಟಿಗಳನ್ನು ಉಳಿಯಿಂದಲೇ ಕತ್ತರಿಸಿ ಎರಡು ಪಾಲು ಮಾಡಿದ. ಅವನಿಗೆ ಏಳು ದಿನ, ಇವನಿಗೆ ಏಳು ದಿನ. ವಾರದೊಳಗೆ ಇಬ್ಬರ ಉರಿಯೂ ಮಾಯ! ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಏನಿತ್ತು?

“ಉರಿ ಹೋಯ್ತು ಅಂದ್ರೆ ಅದನ್ನ ತಂದ ಹೊಟ್ಟೆಯ ಕ್ರಿಮಿ ಸತ್ತಿದೆ ಅಂತಲ್ಲ,” ಡಾಕ್ಟರು ಹೇಳುತ್ತಿದ್ದರು. “ಜಠರದ ಒಳಪದರ ವರ್ಷಗಟ್ಟಲೆ ಒಳಗೊಳಗೇ ಬೇಯ್ತಾ ಇರುತ್ತೆ. ಎಲ್ಲರಿಗೂ ಅಲ್ಲ, ಕೆಲವರಿಗೆ ಅದು ಹೀಗೆ ಗಡ್ಡೆಯಾಗುತ್ತೆ. ಇವರದು ಈಗ ಆಪರೇಷನ್ ಮಾಡೋ ಹಂತ ದಾಟಿದೆ.”

ಡಾಕ್ಟರು ಫೋನ್ ಹಿಡಿದು ಆಚೆ ನಡೆದರು. ಕ್ರಿಮಿ ಒಬ್ಬರಿಂದ ಒಬ್ಬರಿಗೆ ಹರಡುತ್ತದೆಂದು ಮನೆಮಂದಿಯೆಲ್ಲ ಪರೀಕ್ಷೆ ಮಾಡಿಸಿಕೊಂಡಿದ್ದರು. ಅದರ ವರದಿ ತರಲು ಅತ್ತಿಗೆ ಕಣ್ಣೊರೆಸಿಕೊಂಡು ಲ್ಯಾಬಿಗೆ ಹೋದಳು. ತಮ್ಮ ಬಂದು ಅಣ್ಣನ ಕೈ ಹಿಡಿದುಕೊಂಡ.

“ಅಣ್ಣಾ, ತಪ್ಪೆಲ್ಲ ನಂದೇ. ಹೊಟ್ಟೆಗೆ ಹಾಕ್ಕೊಳ್ಳೋ.”

“ಅಲ್ಲಿ ಇನ್ನು ಜಾಗ ಎಲ್ಲಿದೆಯೋ?” ಅಣ್ಣ ನಗಲು ನೋಡಿದ, ಆಗಲಿಲ್ಲ. “ನಿಮ್ಮತ್ತಿಗೆ ಕಿವಿಗೆ ಮಾತ್ರ ಈ ವಿಷಯ ಬೀಳಬಾರದು. ನಾಳೆ ಅವಳೂ ಮಕ್ಕಳೂ ನಿನ್ನ ಜೊತೆಗೇ ಬಾಳಬೇಕು. ಗೊತ್ತಾದ್ರೆ ಮನೆ ಒಡೆದುಹೋಗುತ್ತೆ. ಆಣೆ ಮಾಡು.”

ತಮ್ಮ ಆಣೆ ಮಾಡಿದ.

ಅತ್ತಿಗೆ ವರದಿಗಳನ್ನು ತಂದಳು. ಉಳಿದವರಿಗೆಲ್ಲ ಏನೂ ಇರಲಿಲ್ಲ, ತಮ್ಮನಿಗೆ ಮಾತ್ರ ಕ್ರಿಮಿಯಿತ್ತು. ಮರಳಿ ಬಂದ ಡಾಕ್ಟರು ಅವನನ್ನು ಹತ್ತಿರ ಕರೆದರು.

“ಹೆದರಬೇಡಿ, ನಿಮಗೆ ಬರೀ ಉರಿಯೂತ. ವಾಸಿ ಮಾಡಬಹುದು. ಆದರೆ ಒಂದು ಮಾತು ಸರಿಯಾಗಿ ಹೇಳಿ. ನಿಮ್ಮಣ್ಣನ ಚೀಟಿಯಲ್ಲಿರೋ ಈ ಮಾತ್ರೆ ಮೊದಲು ಯಾವಾಗಲಾದ್ರೂ ತಗೊಂಡಿದ್ರಾ? ಅರ್ಧಕ್ಕೆ ಬಿಟ್ಟಿದ್ರೆ ಕ್ರಿಮಿ ಪಳಗಿಬಿಟ್ಟಿರುತ್ತೆ, ಇದಕ್ಕೆ ಬಗ್ಗಲ್ಲ. ಬೇರೆ ಔಷಧಿ ಬರೀಬೇಕಾಗುತ್ತೆ.”

ತಮ್ಮನಿಗೂ ಸಾಯಲು ಇಷ್ಟವಿರಲಿಲ್ಲ. ಅಣ್ಣನ ಕಡೆ ನೋಡಿದ. ಅಣ್ಣ ಕಣ್ಣು ಮುಚ್ಚಿಕೊಂಡಿದ್ದ. ಅತ್ತಿಗೆ ಮಾತ್ರ ಅವನನ್ನೇ ನೋಡುತ್ತಿದ್ದಳು.

“ಇಲ್ಲ,” ಎಂದ.

ಡಾಕ್ಟರು ಸರಸರನೆ ಬರೆದರು. ಅದೇ ಮಾತ್ರೆ, ಅದೇ ಹದಿನಾಲ್ಕು ದಿನ.

ಅತ್ತಿಗೆ ಆ ಚೀಟಿಯನ್ನು ಮಡಿಸಿ, ತಾನೇ ಅವನ ಅಂಗಿಯ ಜೇಬಿನಲ್ಲಿಟ್ಟು, ಗಂಡನಿಗೆ ಕೇಳಿಸದಂತೆ ಹೇಳಿದಳು:

“ನಮಗಿನ್ನು ನೀನೇ ದಿಕ್ಕಪ್ಪಾ. ನಿಮ್ಮಣ್ಣ ನುಂಗಿದ ಹಾಗೆ ಪೂರ್ತಿ ನುಂಗು.”