ಕೊನೆಯ ಅಂಕಿಯ ತಪ್ಪು

ಊಟದ ಮೇಜಿನ ಮೇಲಿದ್ದ ಹಳೆಯ ಚಿಪ್ ಲೆಕ್ಕ ಮುಗಿಸಿತು. ದಶಾಂಶದ ಬಾಲದ ಕೊನೆಯ ಅಂಕಿ ಏಳು. ನ್ಯಾಯವಾಗಿ ಎಂಟು ಬರಬೇಕಿತ್ತು. ಸಿಂಧೂರಾ, ಆ ಚಿಪ್ಪಿನ ಬದಲಿಗೆ ತಾನು ಬರೆದ, ಅದರಂತೆಯೇ ಲೆಕ್ಕ ಮಾಡಬೇಕಾದ ಎಮ್ಯುಲೇಟರ್ ತಂತ್ರಾಂಶ ಏನನ್ನುತ್ತದೋ ಎಂದು ಲ್ಯಾಪ್‌ಟಾಪಿನತ್ತ ನೋಡಿದಳು. ಆ ಚಿಪ್ಪನ್ನು ಈಗ ಯಾರೂ ತಯಾರಿಸುವುದಿಲ್ಲ. ಎರಡರ ಉತ್ತರ ಹೊಂದದಿದ್ದರೆ, ಆ ಚಿಪ್ಪನ್ನು ರೂಪಿಸಿದ ಒಕಾಮೊತೊ ಸಾನ್ ಅವರ ಕಾರ್ಖಾನೆಯಲ್ಲಿ ಅದರಿಂದಲೇ ನಡೆಯುವ ಮಗ್ಗಗಳೆಲ್ಲ ಗುಜರಿಗೇ ಹೋಗಬೇಕು.

ಲ್ಯಾಪ್‌ಟಾಪಿನಲ್ಲೂ ಏಳು ಮೂಡಿತು.

"ಅತ್ತೇ, ತಪ್ಪು ಬಂತು! ಅದೇ ತಪ್ಪು!"

ಕೊರೋನಾದಿಂದ ವಿಮಾನ ನಿಂತು, ಊರಿಗೆ ಮರಳಲಾಗದೆ ಓಜಿಮಾದ ಮಗ-ಸೊಸೆಯ ಮನೆಯಲ್ಲೇ ಉಳಿದಿದ್ದ ಭಾನುಮತಿ ಅಡುಗೆಮನೆಯಿಂದ ಇಣುಕಿದರು. "ತಪ್ಪು ಮಾಡಿ ಕುಣಿಯೋ ಸೊಸೇನ ಇವತ್ತೇ ಕಣೆ ನೋಡಿದ್ದು!"

"ಆ ಮಗ್ಗಗಳು ಹಳೇ ಚಿಪ್ಪಿನ ತಪ್ಪಿಗೇ ಒಗ್ಗಿಬಿಟ್ಟಿವೆ. ಅದು ಎಡವಿದ ಕಡೆ ಇದೂ ಎಡವಬೇಕು ಅತ್ತೆ. ಇಷ್ಟು ದಿನ ಸರಿಯಾದ ಉತ್ತರಾನೇ ಕೊಟ್ಟು ನನ್ನ ಜೀವ ತಿಂದಿತ್ತು."

ವಿಡಿಯೋ ಕರೆಯಲ್ಲಿ ಕಾರ್ಖಾನೆಯಿಂದ ನೋಡುತ್ತಿದ್ದ ಒಕಾಮೊತೊ ಸಾನ್ ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿ ಆ ಏಳನ್ನು ಓದಿದರು. ಮಾಸ್ಕ್ ಗಲ್ಲಕ್ಕಿಳಿಯಿತು. "ಸುಮಿಮಾಸೆನ್, ಕ್ಷಮಿಸಿ ಸಿಂಧೂರಾ ಸಾನ್. ಚಿಕ್ಕ ವಯಸ್ಸಿನಲ್ಲಿ ನಾನೇ ಮಾಡಿದ ತಪ್ಪು ಅದು," ಎಂದು ಬಾಯ್ತುಂಬ ನಕ್ಕರು. ಆಮೇಲೆ ಹಿಂದೆ ಸಾಲಾಗಿ ನಿಂತಿದ್ದ ಮಗ್ಗಗಳತ್ತ ತಿರುಗಿ, ಮನೆಯವರಿಗೆ ಶುಭಸುದ್ದಿ ಹೇಳುವವರಂತೆ ಎರಡೂ ಕೈ ಮೇಲೆತ್ತಿದರು.